ಬಾವಿ ಕೊರೆಯುವ ವಚನ, ನಿವೃತ್ತರ ಇಡಿಗಂಟು

ಬೆಂಗಳೂರು: ಅಂಡಮಾನ್ ಕಡಲಿನಿಂದ 2025ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ಸುದ್ದಿಯೊಂದು ಸಣ್ಣ ಹೂಡಿಕೆದಾರರ ಕಿವಿ ನಿಮಿರುವಂತೆ ಮಾಡಿತು. ಸರ್ಕಾರಿ ಸ್ವಾಮ್ಯದ ಆಯಿಲ್ ಇಂಡಿಯಾ ಕಂಪನಿ ಕೊರೆದ ಶ್ರೀ ವಿಜಯಪುರಂ-2 ಬಾವಿಯಲ್ಲಿ ನೈಸರ್ಗಿಕ ಅನಿಲದ ಇರುವಿಕೆ ಪತ್ತೆಯಾಗಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವ ಹರ್ದೀಪ್ ಸಿಂಗ್ ಪುರಿ ಪ್ರಕಟಿಸಿದರು. ತೀರದಿಂದ 17 ಕಿಲೋಮೀಟರ್ ದೂರ, 295 ಮೀಟರ್ ನೀರಿನಾಳ, 2,650 ಮೀಟರ್ ಕೊರೆತದ ಗುರಿ, ಮಾದರಿಯಲ್ಲಿ ಶೇಕಡಾ 87ರಷ್ಟು ಮೀಥೇನ್. ಅಂಕಿಗಳೆಲ್ಲ ಚೊಕ್ಕವಾಗಿಯೇ ಇದ್ದವು. ಆದರೆ ಷೇರು ಕೊಳ್ಳುವವನಿಗೆ ಬೇಕಾದ ಒಂದು ಅಂಕಿ ಮಾತ್ರ ಅದರಲ್ಲಿರಲಿಲ್ಲ. ಎಷ್ಟು ಅನಿಲವನ್ನು, ಎಷ್ಟು ಖರ್ಚಿನಲ್ಲಿ, ಎಷ್ಟು ಬಾವಿಗಳ ಮೂಲಕ ಮೇಲಕ್ಕೆ ತರಬಹುದು ಎಂಬುದು ಆ ಹೊತ್ತಿಗೆ ಯಾರೂ ಹೇಳಬಹುದಾದ ಮಾತಾಗಿರಲಿಲ್ಲ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಂಥ ಬಡಾವಣೆಗಳಿಗೂ ಅಂಡಮಾನ್ ಕಡಲಿಗೂ ಏನು ನಂಟು? ನಂಟು ಹಣದ್ದು. ನಗರದ ಈ ಪಶ್ಚಿಮ ಭಾಗ ಕಾರ್ಖಾನೆಗಳ ನೆರಳಿನಲ್ಲಿ ಬೆಳೆದದ್ದು. ರಾಜಾಜಿನಗರದ ಕೈಗಾರಿಕಾ ಬಡಾವಣೆ, ಮಾಗಡಿ ರಸ್ತೆಯ ಗಿರಣಿಗಳು, ಆಚೆಗೆ ಪೀಣ್ಯ. ಇಲ್ಲಿ ದುಡಿದವರು, ಸರ್ಕಾರಿ ಕಚೇರಿ ಮತ್ತು ಬ್ಯಾಂಕುಗಳಲ್ಲಿ ಸೇವೆ ಸಲ್ಲಿಸಿದವರು, ನಿವೃತ್ತಿಯ ಅಥವಾ ಸ್ವಯಂನಿವೃತ್ತಿಯ ಇಡಿಗಂಟನ್ನು ಕೈಯಲ್ಲಿ ಹಿಡಿದು ಷೇರುಪೇಟೆಯ ಬಾಗಿಲು ತಟ್ಟಿದ್ದು ಹೊಸ ಸಂಗತಿಯಲ್ಲ. ಅವರು ಅರ್ಜಿ ನಮೂನೆ ತುಂಬಿ ಚೆಕ್ ಲಗತ್ತಿಸುತ್ತಿದ್ದ ಕಾಲ ಹೋಗಿದೆ. ನಗರದ ಹೆಸರನ್ನೇ ಹೊತ್ತಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರಲ್ಲಿ ಕಾರುಬಾರು ಮುಗಿಸಿತು. ಈಗ ಎಲ್ಲವೂ ಮೊಬೈಲಿನಲ್ಲಿ. ಆದರೆ ಬೆಳಿಗ್ಗೆ ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ವಾಣಿಜ್ಯ ಪುಟವನ್ನು ಬೆರಳಿಟ್ಟು ಓದುವ ಹಿರಿಯರ ಪ್ರಶ್ನೆ ಬದಲಾಗಿಲ್ಲ: ಅನಿಲ ಸಿಕ್ಕಿತಂತೆ, ಷೇರು ಕೊಳ್ಳಬಹುದೇ?

ಸರಿಯಾದ ಪ್ರಶ್ನೆ ಬೇರೆಯೇ ಇದೆ. ಕಂಪನಿ ಇನ್ನೂ ಎಷ್ಟು ಬಾವಿ ಕೊರೆಯಲು ಬದ್ಧವಾಗಿದೆ, ಅದಕ್ಕೆ ಹಣ ಯಾರದು?

ಅಡಿಗಿಷ್ಟೆಂದು ಲೆಕ್ಕ

ಬೆಂಗಳೂರಿನವರಿಗೆ ಈ ವಿಷಯವನ್ನು ತಿಳಿಸಲು ಭೂವಿಜ್ಞಾನಿಯೇ ಬೇಕಿಲ್ಲ. ಮನೆ ಕಟ್ಟುವ ಮುನ್ನ ಕೊಳವೆಬಾವಿ ಕೊರೆಸಿದವರಿಗೆಲ್ಲ ಅನುಭವವಿದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನಡೆದವನು ಜಾಗ ತೋರಿಸುತ್ತಾನೆ, ಲಾರಿ ಬರುತ್ತದೆ, ಅಡಿಗಿಷ್ಟೆಂದು ದರ. ಆರುನೂರು ಅಡಿಗೆ ನೀರು ಬರದಿದ್ದರೆ ಎಂಟುನೂರು, ಅದಕ್ಕೂ ಬರದಿದ್ದರೆ ಸಾವಿರ. ಕಡೆಗೆ ಧೂಳು ಬಂದರೂ ಲಾರಿಯವನ ಹಣ ಕೊಡಲೇಬೇಕು. ಅನಿಲ ಶೋಧನೆಯೂ ಇದೇ ವ್ಯವಹಾರ. ವ್ಯತ್ಯಾಸವೆಂದರೆ ಅಲ್ಲಿ ಆಳ ಸಾವಿರಾರು ಮೀಟರ್, ಕೊರೆಯುವ ಯಂತ್ರಕ್ಕೆ ದಿನಬಾಡಿಗೆ, ಕಡಲಿನಲ್ಲಾದರೆ ಒಂದೊಂದು ಬಾವಿಗೆ ಹತ್ತಾರು, ಕೆಲವೊಮ್ಮೆ ನೂರಾರು ಕೋಟಿ ರೂಪಾಯಿ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮುಖ್ಯ. ಮನೆಯ ಯಜಮಾನ ಎರಡನೆಯ ಬಾವಿ ಬೇಡವೆಂದು ಲಾರಿಯನ್ನು ವಾಪಸು ಕಳುಹಿಸಬಹುದು. ಶೋಧನೆಯ ಕಂಪನಿಗೆ ಆ ಸ್ವಾತಂತ್ರ್ಯವಿಲ್ಲ.

1999ರಲ್ಲಿ ಜಾರಿಗೆ ಬಂದ ಹೊಸ ಶೋಧನಾ ಪರವಾನಗಿ ನೀತಿಯಡಿ ಹರಾಜಿನಲ್ಲಿ ಕ್ಷೇತ್ರ ಪಡೆಯುವ ಕಂಪನಿ, ಇಂತಿಷ್ಟು ಭೂಕಂಪನ ಸಮೀಕ್ಷೆ, ಇಂತಿಷ್ಟು ಬಾವಿಗಳು ಎಂದು ಸರ್ಕಾರಕ್ಕೆ ಬರೆದುಕೊಡುತ್ತಿತ್ತು. ಇದಕ್ಕೆ ಕನಿಷ್ಠ ಕಾಮಗಾರಿ ಎಂದು ಹೆಸರು. ಬ್ಯಾಂಕ್ ಖಾತರಿಯನ್ನೂ ಇಡಬೇಕಿತ್ತು. ಅವಧಿಯೊಳಗೆ ಕೊರೆಯದೆ ಬಿಟ್ಟ ಬಾವಿಗೆ ಪರಿಹಾರದ ಹಣ ತೆರಬೇಕು. ಪಾಲುದಾರರಿದ್ದರೆ ಎಲ್ಲರೂ ಒಟ್ಟಾಗಿಯೂ ಬಿಡಿಯಾಗಿಯೂ ಹೊಣೆಗಾರರು. ಅಂದರೆ ಒಬ್ಬ ಪಾಲುದಾರ ಕೈಯೆತ್ತಿದರೆ ಅವನ ಪಾಲು ಉಳಿದವರ ಹೆಗಲಿಗೆ.

2016ರ ಹೊಸ ನೀತಿ ವರಮಾನ ಹಂಚಿಕೆಯ ಪದ್ಧತಿಯನ್ನು ತಂದಿತು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಉತ್ಪಾದನೆ ಆರಂಭವಾಗದ ಜಲಾನಯನ ಪ್ರದೇಶಗಳಲ್ಲಿ ಕ್ಷೇತ್ರ ಹಂಚಿಕೆಗೆ ಕಾಮಗಾರಿಯ ವಾಗ್ದಾನವನ್ನೇ ಮಾನದಂಡವಾಗಿಸಿತು. ಸರ್ಕಾರದ ದೃಷ್ಟಿಯಿಂದ ಇದು ಸಮರ್ಥನೀಯ. ಕ್ಷೇತ್ರ ಪಡೆದು ಸುಮ್ಮನೆ ಕೂರುವವರು ದೂರವಾಗುತ್ತಾರೆ, ನೆಲದಡಿಯ ಮಾಹಿತಿ ಹೆಚ್ಚುತ್ತದೆ. ಆದರೆ ಷೇರುದಾರನ ದೃಷ್ಟಿಯಿಂದ ನೋಡಿದರೆ ಚಿತ್ರ ಬೇರೆ. ಯಾರು ಹೆಚ್ಚು ಬಾವಿ ಕೊರೆಯುತ್ತೇನೆಂದು ಮಾತು ಕೊಡುತ್ತಾರೋ ಅವರಿಗೆ ಕ್ಷೇತ್ರ. ಕ್ಷೇತ್ರ ದೊರೆತ ದಿನ ಪತ್ರಿಕಾ ಪ್ರಕಟಣೆ ಹೊರಡುತ್ತದೆ, ಷೇರಿನ ಬೆಲೆ ಏರಲೂಬಹುದು. ಅದೇ ದಿನ ಕಂಪನಿಯ ತಲೆಯ ಮೇಲೆ ಋಣವೊಂದು ಏರಿರುತ್ತದೆ ಎಂಬುದನ್ನು ಯಾರೂ ದಪ್ಪಕ್ಷರದಲ್ಲಿ ಹಾಕುವುದಿಲ್ಲ.

ಇಪ್ಪತ್ತು ಬಾವಿಗಳ ಕಥೆ

ಈ ಋಣ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ ಕೃಷ್ಣಾ-ಗೋದಾವರಿ ಜಲಾನಯನದ ದೀನದಯಾಳ್ ಕ್ಷೇತ್ರಕ್ಕಿಂತ ಸ್ಪಷ್ಟವಾದ ನಿದರ್ಶನ ದೇಶದಲ್ಲಿಲ್ಲ. ಗುಜರಾತ್ ಸರ್ಕಾರದ ಪೆಟ್ರೋಲಿಯಂ ನಿಗಮವಾದ ಜಿಎಸ್‌ಪಿಸಿ 2003ರಲ್ಲಿ ಈ ಕಡಲ ಕ್ಷೇತ್ರವನ್ನು ಪಡೆಯಿತು. ಅದರ ಪಾಲು ಶೇಕಡಾ 80. ಜುಬಿಲಂಟ್ ಸಮೂಹದ ಕಂಪನಿಗೆ 10, ಕೆನಡಾದ ಕ್ಯಾಲ್ಗರಿಯಲ್ಲಿ ನೆಲೆಯಿದ್ದ ಜಿಯೋಗ್ಲೋಬಲ್ ರಿಸೋರ್ಸಸ್ ಎಂಬ ಪುಟ್ಟ ಕಂಪನಿಗೆ 10. ವಾಗ್ದಾನ 20 ಬಾವಿಗಳದ್ದು, ಮೊದಲ ಹಂತದಲ್ಲಿಯೇ 14. ಎದುರಾಳಿಗಳನ್ನು ಮೀರಿಸಿ ಕ್ಷೇತ್ರ ದಕ್ಕಿಸಿಕೊಳ್ಳಲು ಆ ಸಂಖ್ಯೆ ನೆರವಾಯಿತು.

2005ರ ಜೂನ್‌ನಲ್ಲಿ ಅಂದಿನ ಗುಜರಾತ್ ಮುಖ್ಯಮಂತ್ರಿ ನರೇಂದ್ರ ಮೋದಿಯವರು ಅಲ್ಲಿ 20 ಲಕ್ಷ ಕೋಟಿ ಘನ ಅಡಿ ಅನಿಲ ಪತ್ತೆಯಾಗಿದೆ ಎಂದು ಘೋಷಿಸಿದರು. ದೇಶದ ಇಂಧನ ಚರಿತ್ರೆಯಲ್ಲಿ ಅದು ಹಬ್ಬದ ದಿನ. ಆದರೆ ಅನಿಲವಿದ್ದದ್ದು ಐದು ಸಾವಿರ ಮೀಟರಿನ ಆಸುಪಾಸಿನ ಆಳದಲ್ಲಿ. ಅತಿಯಾದ ಒತ್ತಡ, ಅತಿಯಾದ ಉಷ್ಣ, ಬಿಗಿಯಾದ ಶಿಲೆ. ಅಂದಾಜಿಗಿಂತ ಬಾವಿಗಳು ಆಳವಾದವು, ಖರ್ಚು ಹತ್ತು ಪಟ್ಟನ್ನೂ ಮೀರಿತು. ಕ್ಷೇತ್ರಾಭಿವೃದ್ಧಿ ಯೋಜನೆ ಸಿದ್ಧವಾಗುವ ವೇಳೆಗೆ ಶಿಲೆಯೊಳಗಿನ ಅನಿಲದ ಲೆಕ್ಕ ಎರಡು ಲಕ್ಷ ಕೋಟಿ ಘನ ಅಡಿಯ ಸುತ್ತಮುತ್ತ ಬಂದು ನಿಂತಿತ್ತು. ಅದರಲ್ಲಿಯೂ ಹೊರತೆಗೆಯಬಹುದಾದದ್ದು ಒಂದು ಭಾಗ ಮಾತ್ರ. 2015ರ ಮಾರ್ಚ್ ಅಂತ್ಯಕ್ಕೆ ಜಿಎಸ್‌ಪಿಸಿಯ ಸಾಲ ಸುಮಾರು 19,700 ಕೋಟಿ ರೂಪಾಯಿ ಎಂದು ಮಹಾಲೇಖಪಾಲರು ಲೆಕ್ಕ ತೋರಿಸಿದರು. ನಿಗಮದ ಷೇರುಗಳನ್ನು ಸಾರ್ವಜನಿಕರಿಗೆ ಮಾರುವ ಯೋಜನೆಯೂ ಒಮ್ಮೆ ಇತ್ತು, ಕೈಗೂಡಲಿಲ್ಲ. ಕೈಗೂಡಿದ್ದರೆ ಆ ಷೇರುಗಳಲ್ಲಿ ಒಂದಿಷ್ಟು ವಿಜಯನಗರದ ಡಿಮ್ಯಾಟ್ ಖಾತೆಗಳಲ್ಲಿಯೂ ಇರುತ್ತಿದ್ದವು ಎಂಬುದರಲ್ಲಿ ಸಂದೇಹವಿಲ್ಲ.

ಈ ಕಥೆಯಲ್ಲಿ ಸಣ್ಣ ಹೂಡಿಕೆದಾರ ಎರಡು ಕಡೆ ಸಿಕ್ಕಿಬಿದ್ದ. ಮೊದಲನೆಯದು ಜಿಯೋಗ್ಲೋಬಲ್‌ನಲ್ಲಿ. ಅಮೆರಿಕದ ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾಗಿದ್ದ ಈ ಕಂಪನಿಯ ಆಕರ್ಷಣೆಯೇ ಒಂದು ಒಪ್ಪಂದ. ಉತ್ಪಾದನೆ ಆರಂಭವಾಗುವವರೆಗೆ ಅದರ ಪಾಲಿನ ಶೋಧನೆಯ ಖರ್ಚನ್ನು ಜಿಎಸ್‌ಪಿಸಿಯೇ ಭರಿಸಬೇಕು ಎಂಬುದು ಅದರ ಸಾರ ಎಂದು ಕಂಪನಿ ನಂಬಿತ್ತು, ಹೂಡಿಕೆದಾರರನ್ನೂ ನಂಬಿಸಿತ್ತು. ಪುಕ್ಕಟೆ ಸವಾರಿ ಎಂದೇ ಭಾವನೆ. ಆದರೆ ಖರ್ಚು ಮಿತಿಮೀರಿದಾಗ ಜಿಎಸ್‌ಪಿಸಿಯ ನಿಲುವು ಬದಲಾಯಿತು. ತಾನು ಭರಿಸಲು ಒಪ್ಪಿದ್ದು ಮೂಲ ಕನಿಷ್ಠ ಕಾಮಗಾರಿಯ ವೆಚ್ಚವನ್ನು ಮಾತ್ರ, ಅದನ್ನು ಮೀರಿದ್ದಕ್ಕೆ ಪಾಲುದಾರರು ತಮ್ಮ ಭಾಗ ಕೊಡಬೇಕು ಎಂದಿತು. ಒಂದೇ ಒಪ್ಪಂದಕ್ಕೆ ಎರಡು ಓದು. ವರ್ಷಗಟ್ಟಲೆ ಕಂಪನಿಯ ತ್ರೈಮಾಸಿಕ ವರದಿಗಳಲ್ಲಿ ಈ ವಿವಾದದ ಪ್ರಸ್ತಾಪವಿತ್ತು. ಓದಿದವರು ಎಷ್ಟು ಮಂದಿಯೋ! ಕಡೆಗೆ ಆ ಕಂಪನಿ ವಿನಿಮಯ ಕೇಂದ್ರದ ಪಟ್ಟಿಯಿಂದಲೇ ಹೊರಬಿತ್ತು.

ಎರಡನೆಯದು ನಮ್ಮವರಿಗೆ ಹತ್ತಿರದ್ದು. 2017ರಲ್ಲಿ ಒಎನ್‌ಜಿಸಿ ದೀನದಯಾಳ್ ಕ್ಷೇತ್ರದಲ್ಲಿ ಜಿಎಸ್‌ಪಿಸಿ ಹೊಂದಿದ್ದ ಶೇಕಡಾ 80ರಷ್ಟು ಪಾಲನ್ನು, ಮುಂದಿನ ಶೋಧಗಳಿಗೆಂದು ಕೊಟ್ಟ ಮುಂಗಡವೂ ಸೇರಿ, ಸುಮಾರು 7,738 ಕೋಟಿ ರೂಪಾಯಿಗೆ ಕೊಂಡಿತು. ಒಎನ್‌ಜಿಸಿ ಎಂದರೆ ಬೆಂಗಳೂರಿನ ಮಧ್ಯಮವರ್ಗಕ್ಕೆ ಪರಕೀಯ ಹೆಸರಲ್ಲ. 2004ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅದರ ಷೇರುಗಳನ್ನು 750 ರೂಪಾಯಿಗೆ ಮಾರಿದಾಗ ಚಿಲ್ಲರೆ ಹೂಡಿಕೆದಾರರಿಗೆ ಶೇಕಡಾ 5ರ ರಿಯಾಯಿತಿ ಇತ್ತು. ಅಂದು 100 ಷೇರಿಗೆ 71,250 ರೂಪಾಯಿ ಕೊಟ್ಟು ಇಂದಿಗೂ ಇಟ್ಟುಕೊಂಡವರ ಬಳಿ, 2006, 2011 ಮತ್ತು 2016ರ ಬೋನಸ್ ಹಾಗೂ 2011ರ ಮುಖಬೆಲೆ ವಿಭಜನೆಯ ಫಲವಾಗಿ, 900 ಷೇರುಗಳಿವೆ. ತಲಾ 79 ರೂಪಾಯಿ ಬಿತ್ತು. ಜೊತೆಗೆ ವರ್ಷವರ್ಷದ ಲಾಭಾಂಶ. ಅವರು ನಷ್ಟವಾಯಿತೆಂದು ಗೋಳಾಡಬೇಕಾದ ಸ್ಥಿತಿಯಲ್ಲೇನೂ ಇಲ್ಲ. ಆದರೆ ಇನ್ನೊಂದು ನಿಗಮ ಹರಾಜಿನ ಉಮೇದಿನಲ್ಲಿ ಕೊಟ್ಟ ಮಾತಿನ ಬೆಲೆಯಲ್ಲಿ ಒಂದು ಪಾಲನ್ನು ಈ ಷೇರುದಾರರ ಖಜಾನೆಯಿಂದ ತೆತ್ತದ್ದು ನಿಜ. ಆ ಕ್ಷೇತ್ರ ಘೋಷಣೆಗೆ ತಕ್ಕ ಉತ್ಪಾದನೆಯನ್ನು ಎಂದೂ ಕೊಡಲಿಲ್ಲ.

ಕೊರೆಯದಿದ್ದರೂ ತಪ್ಪು

ಕೊರೆದು ಕೈಸುಟ್ಟುಕೊಂಡದ್ದು ಒಂದಾದರೆ, ಹೇಳಿದಷ್ಟು ಕೊರೆಯಲಿಲ್ಲವೆಂದು ವಿವಾದಕ್ಕೊಳಗಾದದ್ದು ಇನ್ನೊಂದು. ಅದೇ ಜಲಾನಯನದಲ್ಲಿ ರಿಲಯನ್ಸ್ ನಡೆಸುತ್ತಿದ್ದ ಡಿ-6 ಕ್ಷೇತ್ರದಲ್ಲಿ 2002ರಲ್ಲಿ ಅನಿಲ ಪತ್ತೆಯಾಯಿತು, 2009ರ ಏಪ್ರಿಲ್‌ನಲ್ಲಿ ಉತ್ಪಾದನೆ ಶುರುವಾಯಿತು. 2006ರ ಪರಿಷ್ಕೃತ ಯೋಜನೆಯಲ್ಲಿ ದಿನಕ್ಕೆ 8 ಕೋಟಿ ಘನ ಮೀಟರ್ ಉತ್ಪಾದನೆಯ ಗುರಿ, 880 ಕೋಟಿ ಡಾಲರ್ ಬಂಡವಾಳ. 2010ರ ಮಾರ್ಚ್‌ನಲ್ಲಿ ಉತ್ಪಾದನೆ 6.9 ಕೋಟಿ ಘನ ಮೀಟರಿಗೆ ಮುಟ್ಟಿ, ಅಲ್ಲಿಂದ ಇಳಿಯತೊಡಗಿತು. ಯೋಜನೆಯಲ್ಲಿ ಒಪ್ಪಿದಷ್ಟು ಬಾವಿಗಳನ್ನು ಕೊರೆದು ಜೋಡಿಸದಿದ್ದುದೇ ಕಾರಣವೆಂದು ಸರ್ಕಾರ ಹೇಳಿತು, ವೆಚ್ಚ ವಸೂಲಿಗೆ ತಡೆ ಹಾಕಿತು. ನೆಲದಡಿಯ ರಚನೆ ಎಣಿಸಿದಂತಿರಲಿಲ್ಲ, ನೀರು-ಮರಳು ನುಗ್ಗಿದವು, ಇನ್ನಷ್ಟು ಬಾವಿ ಕೊರೆದರೂ ಅನಿಲ ಹೆಚ್ಚುತ್ತಿರಲಿಲ್ಲ ಎಂದು ಕಂಪನಿ ವಾದಿಸಿತು. ವ್ಯಾಜ್ಯ ಪಂಚಾಯ್ತಿಗೆ ಹೋಯಿತು. 2020ರ ಫೆಬ್ರವರಿಯಲ್ಲಿ ಮೂಲ ಡಿ-1, ಡಿ-3 ಬಾವಿಗಳು ಸ್ತಬ್ಧವಾದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಬಿಪಿ ಕಂಪನಿಯ ಸಹಭಾಗಿತ್ವದಲ್ಲಿ ಪಕ್ಕದ ಆರ್-ಕ್ಲಸ್ಟರ್ ಉತ್ಪಾದನೆ ಆರಂಭಿಸಿತು.

ರಿಲಯನ್ಸ್‌ಗೆ ತೈಲ ಸಂಸ್ಕರಣೆ ಇದೆ, ದೂರಸಂಪರ್ಕವಿದೆ, ಚಿಲ್ಲರೆ ಅಂಗಡಿಗಳಿವೆ. ಒಂದು ಕ್ಷೇತ್ರ ಕೈಕೊಟ್ಟರೆ ತಾಳಿಕೊಳ್ಳುವ ದೇಹ ಅದರದ್ದು. ಶೋಧನೆಯೊಂದನ್ನೇ ನೆಚ್ಚಿದ ಸಣ್ಣ ಕಂಪನಿಗಳ ಪಾಡು ಹಾಗಲ್ಲ. ಇಲ್ಲಿ ಹಿಂದುಸ್ತಾನ್ ಆಯಿಲ್ ಎಕ್ಸ್‌ಪ್ಲೊರೇಷನ್ ಕಂಪನಿಯ ಚರಿತ್ರೆಯನ್ನು ಗಮನಿಸಬಹುದು. ಎಚ್‌ಡಿಎಫ್‌ಸಿಯ ಸ್ಥಾಪಕ ಎಚ್.ಟಿ. ಪಾರೇಖ್ ಅವರ ಮುಂದಾಳತ್ವದಲ್ಲಿ 1983ರಲ್ಲಿ ಹುಟ್ಟಿದ, ದೇಶದ ಖಾಸಗಿ ತೈಲ ಶೋಧನೆಯಲ್ಲಿ ಮೊದಲಿಗನೆನಿಸಿದ ಕಂಪನಿ ಇದು. ಕಾವೇರಿ ಜಲಾನಯನದ ಕಡಲಿನಲ್ಲಿರುವ ಪಿವೈ-1 ಎಂಬ ಅನಿಲ ಕ್ಷೇತ್ರ ಪೂರ್ತಿಯಾಗಿ ಇದರದ್ದೇ. ಅಭಿವೃದ್ಧಿಗೆ ಹಣ ಬೇಕಾದಾಗ ಕಂಪನಿ 2008ರಲ್ಲಿ ಹಕ್ಕಿನ ಷೇರುಗಳ ಮೂಲಕ ಐನೂರು ಕೋಟಿ ರೂಪಾಯಿಗೂ ಮೀರಿದ ಮೊತ್ತವನ್ನು ಷೇರುದಾರರಿಂದಲೇ ಎತ್ತಿತು. ಅದೇ ಹೊತ್ತಿಗೆ ಇಟಲಿಯ ಎನಿ ಎಂಬ ದೈತ್ಯ ಸಂಸ್ಥೆ, ಬರನ್ ಎನರ್ಜಿಯನ್ನು ಕೊಂಡ ಕಾರಣದಿಂದ, ಇಲ್ಲಿಯೂ ದೊಡ್ಡ ಪಾಲುದಾರನಾಗಿತ್ತು. ಬೆನ್ನ ಹಿಂದೆ ಎನಿ ಇದ್ದಮೇಲೆ ಭಯವೇನು ಎಂದುಕೊಂಡವರು ಅನೇಕರು.

2009ರ ನವೆಂಬರ್‌ನಲ್ಲಿ ಅನಿಲ ಹರಿಯಿತು. ಆದರೆ ಈ ಅನಿಲವಿದ್ದದ್ದು ಮರಳುಗಲ್ಲಿನಲ್ಲಲ್ಲ, ತಳದ ಗಟ್ಟಿ ಶಿಲೆಯ ಬಿರುಕುಗಳಲ್ಲಿ. ಬಿರುಕಿನೊಳಗಿನ ದಾಸ್ತಾನನ್ನು ಅಳೆಯುವುದು ಕಷ್ಟ. ಉತ್ಪಾದನೆ ನಿರೀಕ್ಷೆಗಿಂತ ಬೇಗ ಕುಸಿಯಿತು, ನಿಕ್ಷೇಪದ ಅಂದಾಜನ್ನು ತಗ್ಗಿಸಬೇಕಾಯಿತು, ಕ್ಷೇತ್ರಕ್ಕೆ ಸುರಿದ ಹಣದಲ್ಲಿ ದೊಡ್ಡ ಭಾಗವನ್ನು ಲೆಕ್ಕದಲ್ಲಿ ಅಳಿಸಿಹಾಕಬೇಕಾಯಿತು. ಕೆಲವು ವರ್ಷಗಳ ಬಳಿಕ ಎನಿ ಕೂಡ ಹೊರನಡೆಯಿತು. ಹಕ್ಕಿನ ಷೇರಿಗೆ ಹಣ ಕಟ್ಟಿದ ಸಣ್ಣ ಹೂಡಿಕೆದಾರ ಅಲ್ಲಿಯೇ ಉಳಿದ. ಆಮೇಲೆ ಕಂಪನಿ ಚೇತರಿಸಿಕೊಂಡದ್ದೂ ಉಂಟು. ಅಸ್ಸಾಮಿನ ದಿರೋಕ್ ಕ್ಷೇತ್ರದಲ್ಲಿ ಆಯಿಲ್ ಇಂಡಿಯಾ ಮತ್ತು ಇಂಡಿಯನ್ ಆಯಿಲ್ ಜೊತೆಗೂಡಿ 2017ರಲ್ಲಿ ಅನಿಲ ತೆಗೆಯಲಾರಂಭಿಸಿತು. ಅಲ್ಲಿ ಅದರ ಪಾಲು ಶೇಕಡಾ 27ರಷ್ಟು ಮಾತ್ರ. ಪಾಲು ಚಿಕ್ಕದು, ಖರ್ಚಿನ ಹೊರೆಯೂ ಚಿಕ್ಕದು, ಜೊತೆಗಾರರು ಹಣವಂತರು. ಮುಂಬೈ ಕಡಲಿನ ಬಿ-80 ಎಂಬ ಸಣ್ಣ ಕ್ಷೇತ್ರವನ್ನು 2016ರ ಹರಾಜಿನಲ್ಲಿ ಗೆದ್ದ ಕಂಪನಿ ಅಲ್ಲಿಂದ ಉತ್ಪಾದನೆ ಆರಂಭಿಸಲು 2022ರವರೆಗೆ ಕಾಯಬೇಕಾಯಿತು. ಪತ್ತೆಯಾಗಿ ಬಿದ್ದಿದ್ದ ನಿಕ್ಷೇಪಕ್ಕೇ ಐದಾರು ವರ್ಷ! ಅರವತ್ತೈದರ ನಿವೃತ್ತರೊಬ್ಬರಿಗೆ ಐದಾರು ವರ್ಷವೆಂದರೆ ಸಣ್ಣ ಅವಧಿಯಲ್ಲ.

ಹಕ್ಕಿನ ಷೇರು ಎಂಬ ಇಕ್ಕಟ್ಟು

ಹಣಕಾಸಿನ ಪ್ರಶ್ನೆಯನ್ನು ಒಂದು ಕಲ್ಪಿತ ಲೆಕ್ಕದಿಂದ ಬಿಡಿಸಬಹುದು. ಕಂಪನಿಯೊಂದರ ಬಳಿ 120 ಕೋಟಿ ನಗದು ಇದೆ ಎನ್ನಿ. ಎರಡು ವರ್ಷದಲ್ಲಿ ನಾಲ್ಕು ಬಾವಿ ಕೊರೆಯುವ ಬಾಧ್ಯತೆಯಿದೆ, ಒಂದಕ್ಕೆ 50 ಕೋಟಿ. ಕೊರತೆ 80 ಕೋಟಿ. ಅನಿಲ ಇನ್ನೂ ಮಾರಾಟವಾಗದ ಕಂಪನಿಗೆ ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ. ಒಣ ಬಾವಿಯನ್ನು ಜಪ್ತಿ ಮಾಡಿ ಯಾರಾದರೂ ಏನು ಮಾಡಿಯಾರು? ಉಳಿದ ದಾರಿಗಳು ಕೆಲವೇ. ಕ್ಷೇತ್ರದ ಒಂದು ಪಾಲನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಅವರಿಂದ ಕೊರೆಸುವುದು. ಆಯ್ದ ಕೆಲವರಿಗೆ ಹೊಸ ಷೇರು ಕೊಡುವುದು. ಇಲ್ಲವೇ ಎಲ್ಲ ಷೇರುದಾರರ ಮುಂದೆ ಹಕ್ಕಿನ ಷೇರಿನ ಬುಟ್ಟಿ ಹಿಡಿಯುವುದು.

ಮೂರು ಷೇರಿಗೆ ಎರಡು ಹೊಸ ಷೇರು ಎಂದು ಕಂಪನಿ ಪ್ರಕಟಿಸಿತು ಎಂದುಕೊಳ್ಳೋಣ. 300 ಷೇರುಳ್ಳವರು ಇನ್ನು 200ಕ್ಕೆ ಹಣ ಹೊಂದಿಸಬೇಕು. ಹೊಂದಿಸದಿದ್ದರೆ ಕಂಪನಿಯಲ್ಲಿ ಅವರ ಭಾಗ ಮೊದಲಿದ್ದುದರ ಶೇಕಡಾ 60ಕ್ಕೆ ಇಳಿಯುತ್ತದೆ. ಹಕ್ಕನ್ನು ಪೇಟೆಯಲ್ಲಿ ಮಾರಿಕೊಳ್ಳುವ ಅವಕಾಶವಿದೆ ನಿಜ, ಆದರೆ ಗಡುವಿನ ಅರಿವೇ ಇಲ್ಲದೆ ಅದನ್ನು ಕಳೆದುಕೊಳ್ಳುವವರು ವಯಸ್ಸಾದವರಲ್ಲೇ ಹೆಚ್ಚು. ಹೆಸರಿಗೆ ಇದು ಹಕ್ಕು. ಆದಾಯಕ್ಕೆ ಪಿಂಚಣಿಯೊಂದನ್ನೇ ನಂಬಿದವರ ಮಟ್ಟಿಗೆ ಇದು ಬೇಡಿಕೆಯ ಚೀಟಿ. ಕಂಪನಿ ಹರಾಜಿನಲ್ಲಿ ಕೊಟ್ಟ ವಚನ, ಕೆಂಗೇರಿ ಉಪನಗರದ ಮನೆಯೊಂದರ ಠೇವಣಿಯನ್ನು ಅವಧಿಗೆ ಮುನ್ನ ಮುರಿಸುವ ದಾರಿ ಇದೇ.

ವಾರ್ಷಿಕ ವರದಿಯಲ್ಲಿ ಅಧ್ಯಕ್ಷರ ಭಾಷಣವನ್ನೂ ಬಣ್ಣದ ಚಿತ್ರಗಳನ್ನೂ ದಾಟಿ, ಲೆಕ್ಕಪತ್ರಗಳ ಕೊನೆಯ ಟಿಪ್ಪಣಿಗಳಿಗೆ ಹೋದರೆ ಬದ್ಧತೆಗಳು ಮತ್ತು ಸಂಭಾವ್ಯ ಹೊಣೆಗಳು ಎಂಬ ಭಾಗ ಸಿಗುತ್ತದೆ. ಬಾವಿಗಳ ಬಾಧ್ಯತೆ, ಬ್ಯಾಂಕ್ ಖಾತರಿಯ ಮೊತ್ತ, ಸರ್ಕಾರದೊಂದಿಗಿನ ತಗಾದೆ ಎಲ್ಲವೂ ಅಲ್ಲಿರುತ್ತವೆ. ಅದನ್ನು ನಗದಿನ ಅಂಕಿಯ ಪಕ್ಕದಲ್ಲಿಟ್ಟು ನೋಡಲು ಗಣಿತ ಪಂಡಿತರಾಗಬೇಕಿಲ್ಲ. ಪಾಲುದಾರರು ಯಾರು, ಅವರ ಕೈಯಲ್ಲಿ ಹಣವಿದೆಯೇ ಎಂಬುದು ಎರಡನೆಯ ನೋಟ. ನಿಕ್ಷೇಪದ ಅಂಕಿ ಸ್ವತಂತ್ರ ತಜ್ಞ ಸಂಸ್ಥೆ ಪ್ರಮಾಣೀಕರಿಸಿದ್ದೇ ಅಥವಾ ಕಂಪನಿಯ ಸ್ವಂತ ಅಂದಾಜೇ, ಶಿಲೆಯೊಳಗೆ ಇರುವುದರ ಲೆಕ್ಕವೇ ಅಥವಾ ಹೊರತೆಗೆಯಬಹುದಾದದ್ದೇ ಎಂಬುದನ್ನು ಪ್ರತ್ಯೇಕಿಸದಿದ್ದರೆ 2005ರ ಜೂನ್ ಮತ್ತೆ ಮತ್ತೆ ಮರಳುತ್ತದೆ.

ಆಯಿಲ್ ಇಂಡಿಯಾದ ವಿಷಯಕ್ಕೆ ಬಂದರೆ, 2009ರಲ್ಲಿ 1,050 ರೂಪಾಯಿಗೆ ಸಾರ್ವಜನಿಕರಿಗೆ ಷೇರು ನೀಡಿದ ಈ ಕಂಪನಿಗೆ ಅಸ್ಸಾಮಿನ ಹಳೆಯ ಬಾವಿಗಳಿಂದ ಹರಿಯುವ ವರಮಾನವಿದೆ. ಅಂಡಮಾನಿನ ಒಣ ಬಾವಿಯನ್ನು ಭರಿಸುವ ಶಕ್ತಿ ಅದಕ್ಕುಂಟು. ಇದೇ ಸುದ್ದಿಯನ್ನು ಕೇಳಿ ಹೆಸರಿನಲ್ಲಿ ಪೆಟ್ರೋಲಿಯಂ ಎಂದಿರುವ ಯಾವುದೋ ಪುಡಿ ಕಂಪನಿಯ ಷೇರನ್ನು ಹತ್ತು-ಇಪ್ಪತ್ತು ರೂಪಾಯಿಗೆ ಸಿಗುತ್ತದೆಂದು ಗುಡ್ಡೆ ಹಾಕಿಕೊಳ್ಳುವುದು ಬೇರೆ ಮಾತು. 2025ರ ಫೆಬ್ರವರಿಯಲ್ಲಿ ಪ್ರಕಟವಾದ ಹತ್ತನೆಯ ಸುತ್ತಿನ ಹರಾಜಿನಲ್ಲಿ ಸುಮಾರು 1.92 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ 25 ಕ್ಷೇತ್ರಗಳನ್ನು ಇಡಲಾಯಿತು. ಅವುಗಳಲ್ಲಿ ಬಹುಪಾಲು ಕಡಲಿನವು, ಅಂಡಮಾನ್ ಭಾಗದವೂ ಇವೆ. ಪ್ರತಿಯೊಂದು ಕ್ಷೇತ್ರವನ್ನು ಪಡೆಯುವವರೂ ಬಾವಿಗಳ ಸಂಖ್ಯೆಯೊಂದನ್ನು ಬರೆದುಕೊಟ್ಟೇ ಪಡೆಯಬೇಕು.